"ನೆಟ್ ಸ್ಲೋ ಐತ್ರಿ": ಸರ್ವರಿನ ಬ್ಯಾಂಡ್‌ವಿಡ್ತ್ ಲೆಕ್ಕ ಇಡುವ ಬಗೆ

ಹೆಸರುಕಾಳು ಖರೀದಿ ಕೇಂದ್ರದ ನೋಂದಣಿ ಇರಲಿ, ಬೆಳೆವಿಮೆ ತುಂಬುವ ಕೊನೆಯ ದಿನ ಇರಲಿ, ರೇಷನ್ ಅಂಗಡಿಯ ಬೆರಳಚ್ಚು ಇರಲಿ, ಗದಗ ಸೀಮೆಯ ರೈತರ ಕಿವಿಗೆ ಬೀಳುವ ಮಾತು ಒಂದೇ: "ಸರ್ವರ್ ಇಲ್ರೀ, ನಾಳೆ ಬರ್ರಿ." ಹೇಳಿದವರ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ, ಅವರಿಗೂ ಗೊತ್ತಿರುವುದು ಅಷ್ಟೇ. ಆದರೆ ಆ ಒಂದು ಮಾತಿನ ಹಿಂದೆ ಬೇರೆಬೇರೆ ತೊಂದರೆಗಳು ಅಡಗಿರುತ್ತವೆ. ಬೆಂಗಳೂರಿನಲ್ಲಿರುವ ಸರ್ವರ್ ಕೈಕೊಟ್ಟಿರಬಹುದು. ಊರಿಗೆ ಬರುವ ಫೈಬರನ್ನು ಜೆಸಿಬಿ ಕಿತ್ತಿರಬಹುದು. ಕಚೇರಿಯ ಲೈನನ್ನು ಇನ್ನಾವುದೋ ಕೆಲಸ ಪೂರ್ತಿ ನುಂಗಿರಬಹುದು. ಲೈನು ಖಾಲಿಯಿದ್ದೂ ಗೋಡೆಯೊಳಗಿನ ಕೇಬಲ್ಲು ಕೆಟ್ಟಿರಬಹುದು. ಇವಕ್ಕೆಲ್ಲ ಮದ್ದು ಒಂದೇ ಅಲ್ಲ. ಯಾವುದೆಂದು ತಿಳಿಯದೆ ಕಚೇರಿಗಳು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಇನ್ನೂ ದುಬಾರಿಯ ಪ್ಲಾನಿಗೆ ಹಣ ಕಟ್ಟುವುದು.

ಹುಲಕೋಟಿಯಂಥ ಊರಿಗೆ ಈ ಪ್ರಶ್ನೆ ಚಿಕ್ಕದಲ್ಲ. ಗದಗ–ಹುಬ್ಬಳ್ಳಿ ರಸ್ತೆಯ ಮೇಲಿನ ಈ ಊರಿನ ಹೆಸರು ಸಹಕಾರಿ ಧುರೀಣ ಕೆ.ಎಚ್. ಪಾಟೀಲರ ಜೊತೆಗೆ, ಸಹಕಾರ ಸಂಘಗಳ ಜೊತೆಗೆ ಬೆಸೆದುಕೊಂಡಿದೆ. ಸಹಕಾರಿ ನೂಲಿನ ಗಿರಣಿ, ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರ, ರೂರಲ್ ಇಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ ಎಂದು ಒಂದು ಹಳ್ಳಿಗೆ ಅಪರೂಪ ಎನ್ನುವಷ್ಟು ಸಂಸ್ಥೆಗಳನ್ನು ಕಂಡ ಊರು ಇದು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕಣಗಿನಹಾಳವೂ ಇದೇ ಗದಗ ತಾಲ್ಲೂಕಿನದು. ಅಂದು ಸಂಘಕ್ಕೆ ಬೇಕಿದ್ದದ್ದು ಒಂದು ಪೆಟ್ಟಿಗೆ, ಒಂದಿಷ್ಟು ಪುಸ್ತಕ, ಬರೆಯಲು ಬಲ್ಲ ಒಬ್ಬ ಪ್ರಾಮಾಣಿಕ ಕಾರ್ಯದರ್ಶಿ. 2022ರ ಜೂನಿನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಸಂಘದ ಪುಸ್ತಕವೂ ನೆಟ್ಟಿನಾಚೆಗಿನ ಸಾಫ್ಟ್‌ವೇರಿಗೆ ಸಾಗುತ್ತಿದೆ. ಗ್ರಾಮ ಪಂಚಾಯಿತಿಗೆ ಕನಿಷ್ಠ 100 ಎಂಬಿಪಿಎಸ್ ಮುಟ್ಟಿಸುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದೇ ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡಿತು. ಹೀಗೆ ಲೈನು ಬಂದಿದೆ, ಸಾಫ್ಟ್‌ವೇರು ಬಂದಿದೆ. ಆ ಲೈನಿನಲ್ಲಿ ದಿನಕ್ಕೆ ಎಷ್ಟು ಹೋಯಿತು, ಎಷ್ಟು ಬಂತು ಎಂಬ ಲೆಕ್ಕ ಮಾತ್ರ ಇಡುವವರಿಲ್ಲ.

ಆ ಲೆಕ್ಕ ಇಡಲು ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಏನೂ ಇಲ್ಲ ಎಂಬುದನ್ನು ಹೇಳುವುದಕ್ಕೇ ಈ ಲೇಖನ. ಲಿನಕ್ಸ್ ಓಡುವ ಯಾವುದೇ ಸರ್ವರಿನ ಕರಿ ಪರದೆಯಲ್ಲಿ, ಕಮಾಂಡ್ ಲೈನಿನಲ್ಲಿ, ಬೇಕಾದ್ದೆಲ್ಲ ಪುಕ್ಕಟೆ ಸಿಗುತ್ತದೆ. ತೊಡಕಿರುವುದು ಉಪಕರಣಗಳು ಹತ್ತಾರು ಇರುವುದರಲ್ಲಿ. ಪ್ರತಿಯೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ಒಂದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದರೆ ದಾರಿ ತಪ್ಪುತ್ತೇವೆ. ಎಷ್ಟು ಸಾಗುತ್ತಿದೆ, ಯಾರಿಂದ ಸಾಗುತ್ತಿದೆ, ಯಾವ ಹೊತ್ತಿನಲ್ಲಿ ಸಾಗಿತು: ಮೂರೂ ಬೇರೆ ಪ್ರಶ್ನೆಗಳು. ನನ್ನ ಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ನಮ್ಮ ಕಚೇರಿಗಳಲ್ಲಿ ಎಲ್ಲಕ್ಕಿಂತ ಕಡೆಗಣಿಸಿದ್ದೂ ಅದೇ.

ಬುಡದಿಂದ ನೋಡೋಣ. ಲಿನಕ್ಸ್ ಕರ್ನಲ್ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ತಾನಾಗಿಯೇ ಎಣಿಕೆ ಇಟ್ಟಿರುತ್ತದೆ: ಒಳಬಂದ ಬೈಟ್, ಹೊರಹೋದ ಬೈಟ್, ಪ್ಯಾಕೆಟ್ಟುಗಳ ಸಂಖ್ಯೆ, ದೋಷ ಕಂಡವು, ಕೈಬಿಟ್ಟವು. ಪ್ರಾಕ್ ಎಂಬ ಡೈರೆಕ್ಟರಿಯ ಒಳಗೆ ನೆಟ್, ಅದರೊಳಗೆ ಡೆವ್ ಎಂಬ ಫೈಲು. ಅದನ್ನು ತೆರೆದರೆ ಈ ಅಂಕಿಗಳು ಸಾಲಾಗಿ ಕಾಣುತ್ತವೆ. 'ಐಪಿ' ಆದೇಶಕ್ಕೆ ಅಂಕಿಅಂಶದ ಆಯ್ಕೆ ಸೇರಿಸಿ ಲಿಂಕ್ ಎಂದು ಕೇಳಿದರೆ ಅದೇ ಅಂಕಿಗಳು ಇನ್ನಷ್ಟು ಅಚ್ಚುಕಟ್ಟಾಗಿ ಬರುತ್ತವೆ. ಇದು ಬರೀ ಮೊತ್ತ, ವೇಗವಲ್ಲ. ವೇಗ ಬೇಕಾದರೆ ಎರಡು ಸಲ ಓದಿ ಕಳೆಯಬೇಕು. ಈಗೊಮ್ಮೆ ಓದಿ, ಹತ್ತು ಸೆಕೆಂಡು ಬಿಟ್ಟು ಮತ್ತೆ ಓದಿದಾಗ ಒಳಬಂದ ಬೈಟ್‌ಗಳ ಅಂಕಿ 2,50,00,000ದಷ್ಟು ಏರಿದ್ದರೆ, ಸೆಕೆಂಡಿಗೆ 25 ಲಕ್ಷ ಬೈಟ್ ಬಂದಂತಾಯಿತು. ಎಂಟರಿಂದ ಗುಣಿಸಿದರೆ 2 ಕೋಟಿ ಬಿಟ್, ಅಂದರೆ 20 ಎಂಬಿಪಿಎಸ್. ಮುಂದೆ ಹೇಳುವ ಉಪಕರಣಗಳಲ್ಲಿ ಅರ್ಧದಷ್ಟು ಮಾಡುವ ಕೆಲಸ ಈ ಕಳೆಯುವ ಲೆಕ್ಕವೇ. ಏನನ್ನೂ ಇನ್‌ಸ್ಟಾಲ್ ಮಾಡಲು ಅನುಮತಿಯಿಲ್ಲದ ಸರ್ವರಿನಲ್ಲೂ ಇದನ್ನು ಕೈಯಾರೆ ಮಾಡಬಹುದು. ಇಂಜಿನಿಯರಿಂಗ್ ಹುಡುಗರಿಗೆ ನಾನು ಮೊದಲು ಇದನ್ನೇ ಮಾಡಿಸಬೇಕೆನ್ನುತ್ತೇನೆ, ಬಣ್ಣಬಣ್ಣದ ಪರದೆ ಆಮೇಲೆ.

ಎಂಟರಿಂದ ಗುಣಿಸುವ ಈ ಹೆಜ್ಜೆಯಲ್ಲೇ ಅರ್ಧ ಜಗಳ ಹುಟ್ಟುತ್ತದೆ. ಕಂಪನಿ ಮಾರುವುದು ಬಿಟ್ ಲೆಕ್ಕದಲ್ಲಿ, ಡೌನ್‌ಲೋಡ್ ಕಿಟಕಿ ತೋರಿಸುವುದು ಬೈಟ್ ಲೆಕ್ಕದಲ್ಲಿ. 100 ಎಂಬಿಪಿಎಸ್ ಲೈನು ಪೂರ್ತಿ ದುಡಿದರೂ ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ ತರುತ್ತದೆ. ಅದನ್ನು ನೋಡಿ "ನೂರು ಅಂತ ಹೇಳಿ ಹನ್ನೆರಡು ಕೊಟ್ಟಾರ" ಎಂದು ಸಿಟ್ಟಾಗುವವರು ಇದ್ದಾರೆ. ಮುಂದೆ ಬರುವ ಉಪಕರಣಗಳೂ ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಐಎಫ್‌ಟಾಪ್ ಬಿಟ್‌ನಲ್ಲಿ ತೋರಿಸುತ್ತದೆ, ನೆಟ್‌ಹಾಗ್ಸ್ ಮತ್ತು ಎಸ್‌ಎಆರ್ ಕಿಲೋಬೈಟ್‌ನಲ್ಲಿ. ವಿಎನ್‌ಸ್ಟ್ಯಾಟ್ ಮೊತ್ತವನ್ನು ಬೈಟ್‌ನಲ್ಲೂ ಸರಾಸರಿ ವೇಗವನ್ನು ಬಿಟ್‌ನಲ್ಲೂ ಒಂದೇ ಸಾಲಿನಲ್ಲಿ ಕೊಡುತ್ತದೆ. ಎರಡು ಪರದೆಗಳ ಅಂಕಿ ತಾಳೆಯಾಗುತ್ತಿಲ್ಲ ಎಂದಾಗ ಮೊದಲು ಮೂಲೆಯಲ್ಲಿರುವ ಆ ಸಣ್ಣ ಅಕ್ಷರ ನೋಡಬೇಕು.

ಇನ್ನೊಂದು ಗುಣಾಕಾರವೂ ಉಪಯೋಗಕ್ಕೆ ಬರುತ್ತದೆ. 100 ಎಂಬಿಪಿಎಸ್ ಲೈನು ದಿನವಿಡೀ ತುಂಬಿ ಹರಿದರೆ ಒಂದು ದಿನಕ್ಕೆ 1,080 ಗಿಗಾಬೈಟ್. 'ಅನ್‌ಲಿಮಿಟೆಡ್' ಎಂದು ಮಾರುವ ಅನೇಕ ಫೈಬರ್ ಪ್ಲಾನುಗಳಿಗೆ ತಿಂಗಳಿಗೆ 3,300 ಗಿಗಾಬೈಟಿನ ಮಿತಿ ಇರುತ್ತದೆ, ಅದು ದಾಟಿದ ಮೇಲೆ ವೇಗ ಇಳಿಯುತ್ತದೆ. ಅಂದರೆ ಪೂರ್ತಿ ವೇಗದಲ್ಲಿ ಮೂರು ದಿನದ ಪಾಲು. ತಿಂಗಳ ಮೊದಲ ವಾರ ಚೆನ್ನಾಗಿದ್ದು ಕೊನೆಯ ವಾರ ತೆವಳುವ ಲೈನಿಗೆ ಕಾರಣ ಎಷ್ಟೋ ಸಲ ಇಷ್ಟೇ, ಅದು ಗೊತ್ತಾಗುವುದು ತಿಂಗಳ ಮೊತ್ತ ಬರೆದಿಟ್ಟವರಿಗೆ ಮಾತ್ರ.

ಕರ್ನಲ್ಲಿನ ಎಣಿಕೆಗೆ ಒಂದು ದೊಡ್ಡ ಕೊರತೆಯಿದೆ. ಸರ್ವರ್ ಬಂದಾಗಿ ಮತ್ತೆ ಶುರುವಾದರೆ ಅಂಕಿಗಳೆಲ್ಲ ಸೊನ್ನೆಗೆ ಬರುತ್ತವೆ. ನಮ್ಮ ಕಡೆ ಮಳೆಗಾಳಿಯ ದಿನಗಳಲ್ಲಿ ಕರೆಂಟು ಹೋಗಿ ಬರುವುದು, ಯುಪಿಎಸ್ ಬ್ಯಾಟರಿ ಹಳತಾಗಿ ಸರ್ವರ್ ಕೂತುಬಿಡುವುದು ಎಲ್ಲರಿಗೂ ಗೊತ್ತು. ಹಾಗಾಗಿ ಪರದೆಯ ಮೇಲಿನ ಅಂಕಿ ತಿಂಗಳದ್ದೋ ನಿನ್ನೆ ರಾತ್ರಿಯಿಂದೀಚಿನದೋ ಎಂಬುದನ್ನು, ಸರ್ವರ್ ಎಷ್ಟು ಹೊತ್ತಿನಿಂದ ಎದ್ದಿದೆ ಎಂದು ಕೇಳಿಯೇ ತೀರ್ಮಾನಿಸಬೇಕು.

ಎಣಿಕೆಯ ಇನ್ನೊಂದು ಕೊರತೆ ಹಳೆಯ ಸ್ವಿಚ್ಚು, ರೌಟರುಗಳಲ್ಲಿ ಉಳಿದಿದೆ. ಅವು ಅಂಕಿಯನ್ನು 32 ಬಿಟ್‌ಗಳಲ್ಲಿ ಇಡುತ್ತವೆ. 4,29,49,67,295 ಆದ ಮೇಲೆ ಮತ್ತೆ ಸೊನ್ನೆ. 100 ಎಂಬಿಪಿಎಸ್ ತುಂಬಿ ಹರಿದರೆ ಈ ಸುತ್ತು ಆರು ನಿಮಿಷದೊಳಗೆ ಮುಗಿಯುತ್ತದೆ, ಗಿಗಾಬಿಟ್ ಲೈನಿನಲ್ಲಿ ಸುಮಾರು 34 ಸೆಕೆಂಡಿನಲ್ಲಿ. ಐದು ನಿಮಿಷಕ್ಕೊಮ್ಮೆ ಓದುವ ಉಪಕರಣಕ್ಕೆ ನಡುವೆ ಎಷ್ಟು ಸುತ್ತು ಹೋಯಿತೆಂದು ತಿಳಿಯುವುದೇ ಇಲ್ಲ. ಲೈನು ಭರ್ತಿಯಾದ ಹೊತ್ತಿನಲ್ಲೇ ಗ್ರಾಫು ಕೆಳಗಿಳಿದು ನೆಮ್ಮದಿ ತೋರಿಸುತ್ತದೆ. ಅಂಥಲ್ಲಿ 64 ಬಿಟ್ಟಿನ ಎಣಿಕೆಯನ್ನೇ ಕೇಳಿ ಪಡೆಯಬೇಕು.

ಐದು ನಿಮಿಷಕ್ಕೊಮ್ಮೆ ಓದುವ ರೂಢಿಯನ್ನು ಮನೆಮಾತಾಗಿಸಿದ್ದು ಎಂಆರ್‌ಟಿಜಿ ಎಂಬ ಪ್ರೋಗ್ರಾಮು. ಟೊಬಿಯಾಸ್ ಎಟಿಕರ್ 1994ರಲ್ಲಿ ಕೆಲಸ ಮಾಡುತ್ತಿದ್ದ ಕಡೆ ಹೊರಜಗತ್ತಿಗೆ ಇದ್ದದ್ದು 64 ಕಿಲೋಬಿಟ್‌ನ ಒಂದೇ ಲೈನು. ಅದು ಹೇಗೆ ನಡೆಯುತ್ತಿದೆ ಎಂದು ತಿಳಿಯುವ ಆಸೆ ಅಲ್ಲಿದ್ದ ಎಲ್ಲರಿಗೂ. ಅದಕ್ಕಾಗಿ ಅವರು ಬರೆದ ಸಣ್ಣ ಪ್ರೋಗ್ರಾಮು 1995ರಲ್ಲಿ ಬಿಡುಗಡೆಯಾಗಿ ಜಗತ್ತೆಲ್ಲ ಹರಡಿತು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದೂ ಅದೇ ವರ್ಷ, ಆಗಸ್ಟ್ 15ರಂದು. ಲೈನಿನ ಲೆಕ್ಕ ಇಡುವ ಈ ವಿದ್ಯೆ ಹುಟ್ಟಿದ್ದು ಲೈನು ಧಾರಾಳವಾಗಿದ್ದ ಕಡೆಯಲ್ಲ, ಇದ್ದ ಒಂದೇ ಕಿರಿದಾದ ಲೈನನ್ನು ಹತ್ತಾರು ಜನ ಹಂಚಿಕೊಳ್ಳಬೇಕಾದ ಕಡೆ. ಹಳ್ಳಿಯ ಸಂಸ್ಥೆಗೆ ಇದು ಪರಕೀಯವಾದ ವಿದ್ಯೆ ಎಂದುಕೊಳ್ಳಲು ಕಾರಣವೇ ಇಲ್ಲ.

ಈ ಕ್ಷಣ ಎಷ್ಟು ಸಾಗುತ್ತಿದೆ ಎಂಬುದಕ್ಕೆ ಎನ್‌ಲೋಡ್, ಬಿಮಾನ್, ಐಎಫ್‌ಸ್ಟ್ಯಾಟ್ ಮುಂತಾದವು ಇವೆ. ಇವುಗಳ ನಡುವೆ ಹೆಚ್ಚು ವ್ಯತ್ಯಾಸ ಹುಡುಕುವುದು ಬೇಡ. ಎನ್‌ಲೋಡ್ ಒಳಬರುವುದನ್ನೂ ಹೊರಹೋಗುವುದನ್ನೂ ಮೇಲೆ ಕೆಳಗೆ ಗ್ರಾಫು ಹಾಕಿ ತೋರಿಸುತ್ತದೆ. ಮೊದಲ ಸಲ ನೋಡುವವರಿಗೆ ಅದು ಸಾಕು.

ಯಾರು ಎಂಬ ಪ್ರಶ್ನೆಗೆ ಬಂದರೆ ಎರಡು ಉಪಕರಣಗಳನ್ನು ಜೋಡಿಯಾಗಿಯೇ ಬಳಸಬೇಕು. ಐಎಫ್‌ಟಾಪ್ ಕಾರ್ಡಿನ ಮೇಲೆ ಹಾಯುವ ಪ್ಯಾಕೆಟ್ಟುಗಳನ್ನೇ ನೋಡಿ, ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಎಂದು ಸಾಲುಸಾಲಾಗಿ ತೋರಿಸುತ್ತದೆ. ಪ್ರತಿ ಸಾಲಿನ ಬಲಗಡೆ ಮೂರು ಅಂಕಿ: ಕಳೆದ 2 ಸೆಕೆಂಡಿನ, 10 ಸೆಕೆಂಡಿನ, 40 ಸೆಕೆಂಡಿನ ಸರಾಸರಿ. ಮೂರೂ ಹತ್ತಿರಹತ್ತಿರ ಇದ್ದರೆ ಅದು ಎಡೆಬಿಡದೆ ನಡೆಯುವ ಕೆಲಸ, ಯಾರೋ ದೊಡ್ಡ ಫೈಲು ಸಾಗಿಸುತ್ತಿದ್ದಾರೆ. ಮೊದಲನೆಯದು ಮಾತ್ರ ಜಿಗಿದು ಇಳಿಯುತ್ತಿದ್ದರೆ ಯಾರೋ ವೆಬ್ ಪುಟ ತೆರೆದಿದ್ದಾರೆ, ಬಿಟ್ಟುಬಿಡಿ. ವಿಳಾಸಗಳನ್ನು ಹೆಸರಿಗೆ ತಿರುಗಿಸುವ ಕೆಲಸವನ್ನು ನಿಲ್ಲಿಸಿಯೇ ಇದನ್ನು ಓಡಿಸುವುದು ಒಳ್ಳೆಯದು. ಇಲ್ಲವಾದರೆ ಹೆಸರು ಕೇಳುವ ಪ್ಯಾಕೆಟ್ಟುಗಳೇ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ, ಮೊದಲೇ ತುಂಬಿದ ಲೈನಿನಲ್ಲಿ ಪರದೆಯೂ ತಡವರಿಸುತ್ತದೆ.

ಐಎಫ್‌ಟಾಪ್‌ಗೆ ವಿಳಾಸ ಗೊತ್ತು, ಕೆಲಸ ಮಾಡುತ್ತಿರುವ ಪ್ರೋಗ್ರಾಮು ಗೊತ್ತಿಲ್ಲ. ಅದನ್ನು ಹೇಳುವುದು ನೆಟ್‌ಹಾಗ್ಸ್. ಅದು ಪ್ಯಾಕೆಟ್ಟನ್ನು ಹಿಡಿದು, ಆ ಸಂಪರ್ಕ ಯಾವ ಪ್ರೋಸೆಸ್ಸಿನದು ಎಂದು ಕರ್ನಲ್ಲಿನ ಪಟ್ಟಿಯಲ್ಲಿ ಹುಡುಕಿ ಜೋಡಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹುಟ್ಟಿ ಸಾಯುವ ಪ್ರೋಸೆಸ್ಸುಗಳನ್ನು ಹಿಡಿಯಲಾರದೆ ಅವನ್ನು 'ಅಪರಿಚಿತ' ಸಾಲಿಗೆ ತಳ್ಳುತ್ತದೆ, ಆ ಸಾಲು ದಪ್ಪಗಿದ್ದರೆ ಫಲಿತಾಂಶವನ್ನು ನಂಬಬೇಡಿ. ಆಗ ಎಸ್‌ಎಸ್ ಆದೇಶಕ್ಕೆ ಹೋಗಬೇಕು; ಅದು ಒಂದೊಂದು ಸಂಪರ್ಕವೂ ಇದುವರೆಗೆ ಎಷ್ಟು ಬೈಟ್ ಕಳಿಸಿದೆ, ಎಷ್ಟನ್ನು ಮತ್ತೆ ಕಳಿಸಬೇಕಾಯಿತು ಎಂದು ಹೇಳುತ್ತದೆ. ಸರ್ವಿಸುಗಳನ್ನು ನಡೆಸುವ ಸಿಸ್ಟಮ್‌ಡಿ ಇರುವ ಸರ್ವರಿನಲ್ಲಿ ಇನ್ನೂ ಒಂದು ಅನುಕೂಲವಿದೆ, ಹೆಚ್ಚಿನವರಿಗೆ ತಿಳಿಯದು. 2017ರಲ್ಲಿ ಬಂದ 235ನೆಯ ಆವೃತ್ತಿಯಿಂದ ಪ್ರತಿ ಸರ್ವಿಸಿಗೂ ಐಪಿ ಲೆಕ್ಕವನ್ನು ಒಂದು ಸಾಲಿನ ಸೆಟ್ಟಿಂಗಿನಿಂದ ಆನ್ ಮಾಡಬಹುದು. ಆಮೇಲೆ ಆ ಸರ್ವಿಸಿನ ಸ್ಥಿತಿ ಕೇಳಿದಾಗಲೆಲ್ಲ ಎಷ್ಟು ಬಂತು, ಎಷ್ಟು ಹೋಯಿತು ಎಂದು ಜೊತೆಗೇ ಬರುತ್ತದೆ. ಡೇಟಾಬೇಸ್, ವೆಬ್, ಮೇಲ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ನಮ್ಮಂಥ ಕಡೆ ಇದು ಬಹಳ ಉಪಯೋಗಿ.

ನಮ್ಮ ಭಾಗದ ಒಂದು ಕಚೇರಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಸರಿಯಾಗಿ ನೆಟ್ ತೆವಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿತ್ತು. "ಎಲ್ಲಾರೂ ಒಮ್ಮೆಲೆ ಕುಂತು ಮಾಡಿದ್ರ ಹಂಗ ಆಗತೈತ್ರಿ" ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ಪ್ಲಾನು ಹೆಚ್ಚಿಸುವ ಮಾತೂ ನಡೆದಿತ್ತು. ಎನ್‌ಲೋಡ್ ಹಾಕಿದರೆ ಒಳಬರುವುದು ಅಲ್ಪಸ್ವಲ್ಪ, ಹೊರಹೋಗುವುದು ಮಾತ್ರ ಸಾಪಾಟಾಗಿ ಮಿತಿಗೆ ತಾಗಿ ನಿಂತಿತ್ತು. ಜನ ಕೂತು ಕೆಲಸ ಮಾಡುವಾಗ ಗೆರೆ ಹಾಗೆ ಸಾಪಾಟಾಗಿರುವುದಿಲ್ಲ, ಏರಿಳಿಯುತ್ತಿರುತ್ತದೆ. ಐಎಫ್‌ಟಾಪ್‌ನಲ್ಲಿ ಒಂದೇ ಸಾಲು, ಹೊರಗಿನ ಒಂದೇ ವಿಳಾಸ, ಮೂರೂ ಅಂಕಿ ಒಂದೇ. ನೆಟ್‌ಹಾಗ್ಸ್‌ನಲ್ಲಿ ಪ್ರೋಗ್ರಾಮಿನ ಹೆಸರು ಆರ್‌ಸಿಂಕ್. ದಿನದ ಬ್ಯಾಕಪ್ಪು! ಅದನ್ನು ನಸುಕಿನ ಐದು ಗಂಟೆಗೆ ಇಟ್ಟಿದೆ ಎಂದು ಅಲ್ಲಿಯವರು ಖಡಾಖಂಡಿತವಾಗಿ ಹೇಳಿದರು, ಕೆಲಸಗಳ ಹೊತ್ತು ಬರೆದಿಡುವ ಕ್ರಾನ್ ಫೈಲಿನಲ್ಲೂ ಐದೇ ಇತ್ತು. ಹಳೆಯ ಲೆಕ್ಕ ಇಡುವ ವಿಎನ್‌ಸ್ಟ್ಯಾಟ್‌ನ ಗಂಟೆವಾರು ಪಟ್ಟಿಯಲ್ಲೂ ದಿನದಿನವೂ ಐದು ಗಂಟೆಯ ಸಾಲೇ ಉಬ್ಬಿತ್ತು. ಕೊನೆಗೆ ಸರ್ವರಿನ ಗಡಿಯಾರ ಕೇಳಿದಾಗ ವಿಷಯ ಹೊರಬಂತು: ಅದು ಯುಟಿಸಿಯಲ್ಲಿ ಓಡುತ್ತಿತ್ತು. ಅಲ್ಲಿನ ಐದು ಗಂಟೆ ಎಂದರೆ ನಮ್ಮ ಹತ್ತೂವರೆ. ಬ್ಯಾಕಪ್ಪನ್ನು ರಾತ್ರಿಗೆ ಸರಿಸಿದ ಮೇಲೆ ಇದ್ದ ಲೈನೇ ಸಾಕಾಯಿತು. ಹಳೆಯ ಲೆಕ್ಕವೊಂದನ್ನೇ ನೋಡಿದ್ದರೆ ನಸುಕಿನ ಬ್ಯಾಕಪ್ಪು ಎಂದು ಕೈಬಿಡುತ್ತಿದ್ದೆವು. ಆ ಕ್ಷಣದ ಪರದೆಯೊಂದನ್ನೇ ನೋಡಿದ್ದರೆ ಅಂದಿನ ದಿನದ ಆಕಸ್ಮಿಕ ಎನ್ನುತ್ತಿದ್ದೆವು.

ಹಳೆಯ ಲೆಕ್ಕ ಇಡುವ ಉಪಕರಣಗಳಿಗೆ ಬರೋಣ. ಸಹಕಾರ ಸಂಘದಲ್ಲಿ ದಿನದ ವ್ಯವಹಾರ ರೋಜುಕೀರ್ದಿಗೆ ಬಿದ್ದು ಆಮೇಲೆ ಖಾತೆಗೆ ಏರುವಂತೆ, ವಿಎನ್‌ಸ್ಟ್ಯಾಟ್ ಐದು ನಿಮಿಷದ ಅಂಕಿಯನ್ನು ಗಂಟೆಗೂ ಗಂಟೆಯದನ್ನು ದಿನಕ್ಕೂ ತಿಂಗಳಿಗೂ ವರ್ಷಕ್ಕೂ ಏರಿಸುತ್ತ ಹೋಗುತ್ತದೆ. ಟೀಮು ಟೊಯ್ವೊಲ 2002ರಿಂದ ಬೆಳೆಸಿಕೊಂಡು ಬಂದ ಈ ಉಪಕರಣ ಪ್ಯಾಕೆಟ್ಟುಗಳೊಳಗೆ ಇಣುಕುವುದಿಲ್ಲ. ಕರ್ನಲ್ಲಿನ ಎಣಿಕೆಯನ್ನಷ್ಟೇ ಓದಿ ಡಿಸ್ಕಿಗೆ ಬರೆಯುತ್ತದೆ. ಹಾಗಾಗಿ ಹಳೆಯ ಕಂಪ್ಯೂಟರಿಗೂ ಹೊರೆಯಲ್ಲ, ಕರೆಂಟು ಹೋದರೂ ಕಳೆಯುವುದು ಕೊನೆಯ ಕೆಲವು ನಿಮಿಷಗಳ ಲೆಕ್ಕ ಮಾತ್ರ. ಅದು ಹಾಕಿದ ದಿನದಿಂದ ಮುಂದಿನದನ್ನು ಬಲ್ಲದು, ಹಿಂದಿನದನ್ನು ಹೇಳಲಾರದು. ತೊಂದರೆ ಶುರುವಾದ ಮೇಲೆ ಹಾಕಿಕೊಂಡರೆ ತೊಂದರೆಯಿಲ್ಲದ ದಿನಗಳು ಹೇಗಿದ್ದವು ಎಂದು ಹೋಲಿಸಲು ಏನೂ ಇರುವುದಿಲ್ಲ. ಸರ್ವರ್ ಕೂರಿಸಿದ ದಿನವೇ ಹಾಕುವುದು ಸರಿಯಾದ ಕ್ರಮ.

ತಾನಾಗಿ ಬರುವ ಸೆಟ್ಟಿಂಗುಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ವಿಎನ್‌ಸ್ಟ್ಯಾಟ್ 2ನೆಯ ಆವೃತ್ತಿಯಿಂದ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಬರೆಯುತ್ತದೆ. ಅದರಲ್ಲಿ ಐದು ನಿಮಿಷದ ಅಂಕಿಗಳು ಉಳಿಯುವುದು 48 ಗಂಟೆ, ಗಂಟೆವಾರು ಅಂಕಿ 4 ದಿನ, ದಿನವಾರು 62 ದಿನ, ತಿಂಗಳದ್ದು 25 ತಿಂಗಳು. ಹೋದ ವರ್ಷ ಮುಂಗಾರು ಬೆಳೆಸಾಲದ ಹಂಗಾಮಿನಲ್ಲಿ, ಬೆಳೆವಿಮೆಯ ಕೊನೆಯ ವಾರದಲ್ಲಿ, ಮಾರ್ಚ್ 31ರ ಸುತ್ತ ಲೈನು ಹೇಗಿತ್ತು ಎಂದು ಈ ವರ್ಷ ತಿಳಿಯಬೇಕಾದರೆ ದಿನವಾರು ಅಂಕಿಯನ್ನು ಎರಡು ವರ್ಷಕ್ಕಾದರೂ ಹಿಗ್ಗಿಸಬೇಕು. ಅದಕ್ಕೆ ತಗಲುವ ಜಾಗ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಸಂಘ ಸಂಸ್ಥೆಗಳ ಒತ್ತಡದ ದಿನಗಳು ಬೆಂಗಳೂರಿನ ಕಂಪನಿಗಳ ದಿನಗಳಂತಲ್ಲ, ಮಳೆ ಮತ್ತು ಬೆಳೆಯ ಜೊತೆ ಬರುತ್ತವೆ. ಒಂದು ಪೂರ್ತಿ ವರ್ಷದ ಲೆಕ್ಕವಿಲ್ಲದೆ ಅವು ಕಾಣುವುದೇ ಇಲ್ಲ.

ಇದರ ಜೊತೆಗೆ ಸೆಬಾಸ್ಟಿಯನ್ ಗೊದಾರ್ ಅವರ ಸಿಸ್‌ಸ್ಟ್ಯಾಟ್ ಗುಂಪಿನ ಎಸ್‌ಎಆರ್ ಇದ್ದರೆ ಇನ್ನೂ ಒಳ್ಳೆಯದು. ಅದು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ನೆಟ್‌ವರ್ಕಿನ ಜೊತೆ ಸಿಪಿಯು, ಮೆಮೊರಿ, ಡಿಸ್ಕ್ ಎಲ್ಲದರ ಸ್ಥಿತಿ ಬರೆದಿಡುತ್ತದೆ. ನಿನ್ನೆ ಮಧ್ಯಾಹ್ನ ಮೂರಕ್ಕೆ ಸ್ಲೋ ಆಗಿತ್ತು ಎಂದು ಇವತ್ತು ದೂರು ಬಂದರೂ ಆ ಹೊತ್ತಿಗೆ ಲೈನು ತುಂಬಿತ್ತೋ ಡಿಸ್ಕ್ ಏದುಸಿರು ಬಿಡುತ್ತಿತ್ತೋ ಎಂದು ಪಕ್ಕಪಕ್ಕದಲ್ಲೇ ನೋಡಬಹುದು. ಕೆಲವು ಲಿನಕ್ಸ್‌ಗಳಲ್ಲಿ ಇದನ್ನು ಇನ್‌ಸ್ಟಾಲ್ ಮಾಡಿದರೂ ಬರೆಯುವ ಕೆಲಸ ತಾನಾಗಿ ಶುರುವಾಗುವುದಿಲ್ಲ, ಸೆಟ್ಟಿಂಗಿನಲ್ಲಿ ಆನ್ ಮಾಡಬೇಕು.

ಇಷ್ಟೆಲ್ಲ ಇದ್ದೂ ಸರ್ವರಿಗೆ ಕಾಣದ ಸಂಗತಿಗಳಿವೆ. ಸರ್ವರಿನ ಕಾರ್ಡು ತನ್ನ ಮೂಲಕ ಹೋದದ್ದನ್ನು ಮಾತ್ರ ಎಣಿಸುತ್ತದೆ. ಅದೇ ಲೈನಿಗೆ ಸಿಕ್ಕಿಸಿದ ಎಂಟು ಸಿಸಿಟಿವಿ ಕ್ಯಾಮೆರಾಗಳು ಒಂದೊಂದೂ 2 ಎಂಬಿಪಿಎಸ್‌ನಂತೆ ಹೊರಗೆ ಕಳಿಸುತ್ತಿದ್ದರೆ ಹಗಲೂ ರಾತ್ರಿ 16 ಎಂಬಿಪಿಎಸ್ ಹೋಗುತ್ತಿರುತ್ತದೆ, ಸರ್ವರಿನಲ್ಲಿ ಅದರ ಸುಳಿವೂ ಇರುವುದಿಲ್ಲ. ವೈಫೈ ಹಿಡಿದ ಮೊಬೈಲುಗಳದ್ದೂ ಅದೇ ಕಥೆ. ಇಡೀ ಕಚೇರಿಯ ಲೆಕ್ಕ ಬೇಕಾದರೆ ರೌಟರನ್ನೇ, ಸಾಧನಗಳ ಎಣಿಕೆ ದೂರದಿಂದ ಓದುವ ಎಸ್‌ಎನ್‌ಎಂಪಿ ಮೂಲಕ ಕೇಳಬೇಕು, ಇಲ್ಲವೆ ಸರ್ವರನ್ನೇ ಎಲ್ಲರ ಹೆಬ್ಬಾಗಿಲಾಗಿ ಕೂರಿಸಬೇಕು. ತಿರುವುಮುರುವಾಗಿ, ಇಲ್ಲದ್ದನ್ನು ಕಾಣುವುದೂ ಉಂಟು. ಡಾಕರ್ ಇರುವ ಸರ್ವರಿನಲ್ಲಿ ಒಂದೇ ಪ್ಯಾಕೆಟ್ಟು ಒಳಗಿನ ವರ್ಚುವಲ್ ಕಾರ್ಡು, ಬ್ರಿಡ್ಜು, ಹೊರಗಿನ ಕಾರ್ಡು ಮೂರರಲ್ಲೂ ಎಣಿಕೆಯಾಗುತ್ತದೆ. ಮೂರನ್ನೂ ಕೂಡಿಸಿದವರಿಗೆ ಬಳಕೆ ಮೂರು ಪಟ್ಟಾಗಿ ಕಾಣುತ್ತದೆ. ಅದೇ ಪೆಟ್ಟಿಗೆಯ ವೆಬ್ ಸರ್ವರು ಡೇಟಾಬೇಸಿನ ಜೊತೆ ಲೂಪ್‌ಬ್ಯಾಕಿನಲ್ಲಿ ಆಡುವ ಮಾತು ಹೊರಲೈನನ್ನು ಮುಟ್ಟುವುದೇ ಇಲ್ಲ. ಲೆಕ್ಕಕ್ಕೆ ಹೊರಗಿನ ಕಾರ್ಡೊಂದನ್ನೇ ಹಿಡಿಯಬೇಕು.

ಲೈನು ಖಾಲಿ, ಆದರೂ ಸ್ಲೋ: ಈ ಸ್ಥಿತಿಯಲ್ಲಿ ಬ್ಯಾಂಡ್‌ವಿಡ್ತ್ ಲೆಕ್ಕದ ನಿಜವಾದ ಉಪಕಾರ ತಿಳಿಯುತ್ತದೆ, ಏಕೆಂದರೆ ಅದು ಒಂದು ಅನುಮಾನವನ್ನು ಪೂರ್ತಿ ಕಳೆದುಕೊಡುತ್ತದೆ. ಈಥ್‌ಟೂಲ್ ಕೇಳಿದರೆ ಕಾರ್ಡು ಈಗ ಯಾವ ವೇಗಕ್ಕೆ ಒಪ್ಪಿಕೊಂಡಿದೆ ಎಂದು ಹೇಳುತ್ತದೆ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100 ಎಂಬಿಪಿಎಸ್‌ಗೆ ಎರಡು ಸಾಕು. ಇಲಿ ಒಂದು ಜೋಡಿ ಕಡಿದರೂ ಸಂಪರ್ಕ ಕಡಿಯದೆ ಸುಮ್ಮನೆ 100ಕ್ಕೆ ಇಳಿದು ಕೂರುವುದುಂಟು. ದೋಷದ ಎಣಿಕೆ ಏರುತ್ತಿದ್ದರೆ ಕೇಬಲ್ಲು, ಕನೆಕ್ಟರು ನೋಡಬೇಕು. ಮತ್ತೆ ಕಳಿಸಿದ ಪ್ಯಾಕೆಟ್ಟುಗಳ ಎಣಿಕೆ ಏರುತ್ತಿದ್ದರೆ ದಾರಿಯಲ್ಲೆಲ್ಲೋ ಪ್ಯಾಕೆಟ್ಟು ಬೀಳುತ್ತಿದೆ, ಎಂಟಿಆರ್ ಓಡಿಸಿದರೆ ಯಾವ ಹಂತದಿಂದ ಎಂದು ಅಂದಾಜು ಸಿಗುತ್ತದೆ. ಇದಾವುದೂ ಇಲ್ಲ, ಸರ್ಕಾರಿ ಪೋರ್ಟಲ್ಲೊಂದೇ ತೆರೆಯುತ್ತಿಲ್ಲ ಎಂದಾದರೆ ತೊಂದರೆ ಆ ಕಡೆಯದು. "ನಮ್ಮ ಲೈನು ಈ ಹೊತ್ತಿಗೆ 100ರಲ್ಲಿ 6 ಮಾತ್ರ ಬಳಕೆಯಾಗಿದೆ" ಎಂದು ಅಂಕಿ ಹಿಡಿದು ಹೇಳಿದ ದೂರಿಗೂ "ನೆಟ್ ಬರವಲ್ದು" ಎಂಬ ದೂರಿಗೂ ಸಿಗುವ ಉತ್ತರ ಒಂದೇ ಇರುವುದಿಲ್ಲ.

ಹೊರಹೋಗುವ ಕಡೆ ಭರ್ತಿಯಾದರೆ ಒಳಬರುವುದೂ ಬಳಲುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಡೌನ್‌ಲೋಡಿನ ಪ್ರತಿ ಕಂತಿಗೂ 'ಮುಟ್ಟಿತು' ಎಂಬ ಸಣ್ಣ ಪ್ಯಾಕೆಟ್ಟು ವಾಪಸು ಹೋಗಬೇಕು. ರೌಟರಿನ ಬಫರಿನಲ್ಲಿ ಬ್ಯಾಕಪ್ಪಿನ ಪ್ಯಾಕೆಟ್ಟುಗಳು ಸಾಲುಗಟ್ಟಿದ್ದರೆ ಇದೂ ಅದರ ಹಿಂದೆಯೇ ಕಾಯುತ್ತದೆ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಈ ತೊಂದರೆಗೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟು ಎಲ್ಲರ ಗಮನಕ್ಕೆ ತಂದರು. ಬ್ಯಾಕಪ್ಪಿಗೆ ವೇಗದ ಮಿತಿ ಹಾಕುವುದು ಇದಕ್ಕೆ ಅತಿ ಸುಲಭದ ಮದ್ದು, ಆರ್‌ಸಿಂಕ್‌ನಲ್ಲೇ ಅದಕ್ಕೊಂದು ಆಯ್ಕೆ ಇದೆ.

ಟಿಸಿಪಿಡಂಪ್ ಬಗ್ಗೆ ಎಚ್ಚರಿಕೆಯ ಒಂದು ಮಾತು. 1988ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಉಪಕರಣ ಪ್ಯಾಕೆಟ್ಟುಗಳನ್ನು ಇಡಿಯಾಗಿ ಹಿಡಿದು ಫೈಲಿಗೆ ಬರೆಯಬಲ್ಲದು. ಬಳಕೆಯ ಪ್ರಮಾಣ ತಿಳಿಯಲು ಅದರ ಅಗತ್ಯವಿಲ್ಲ. ಆಸ್ಪತ್ರೆಯ ಸರ್ವರಿನಲ್ಲಿ ರೋಗಿಗಳ ವಿವರ, ಸಂಘದ ಸರ್ವರಿನಲ್ಲಿ ಸದಸ್ಯರ ಸಾಲದ ವಿವರ ಹಾಯುತ್ತಿರುತ್ತದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಬಂದಿದೆ. ಅದು ಬಾರದಿದ್ದರೂ ಇನ್ನೊಬ್ಬರ ಸಾಲದ ಪುಸ್ತಕ ತೆರೆದು ನೋಡುವುದು ಸಲ್ಲದ ಕೆಲಸವೇ. ಅನಿವಾರ್ಯವಾದಾಗ ಪ್ಯಾಕೆಟ್ಟಿನ ತಲೆಬರಹದಷ್ಟನ್ನೇ ಹಿಡಿದು, ಕೆಲಸ ಮುಗಿದ ಕೂಡಲೆ ಅಳಿಸಬೇಕು. ಇದಕ್ಕೂ ಲಾಗ್‌ಗಳನ್ನು ಕಾಯ್ದಿಡುವ ಹೊಣೆಗೂ ಗೊಂದಲ ಬೇಡ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಡಬೇಕೆಂದಿದೆ, ವಿಎನ್‌ಸ್ಟ್ಯಾಟ್‌ನ ಮೊತ್ತಗಳು ಅದಕ್ಕೆ ಬದಲಿಯಾಗುವುದಿಲ್ಲ. ಗಡಿಯಾರಗಳನ್ನು ಸರ್ಕಾರಿ ಸಮಯ ಸರ್ವರುಗಳಿಗೆ ಹೊಂದಿಸಿಕೊಳ್ಳಬೇಕೆಂದೂ ಅದೇ ನಿರ್ದೇಶನ ಹೇಳುತ್ತದೆ. ಹೊಂದಿಸುವಾಗ ಭಾರತೀಯ ಕಾಲಮಾನ ತೋರಿಸುವಂತೆ ಇಟ್ಟುಕೊಂಡರೆ ಮೇಲೆ ಹೇಳಿದ ಬ್ಯಾಕಪ್ಪಿನಂಥ ಎಡವಟ್ಟೂ ತಪ್ಪುತ್ತದೆ.

ಕೊನೆಗೆ ದುಡ್ಡಿನ ಪ್ರಶ್ನೆ: ಲೈನು ಹೆಚ್ಚಿಸಬೇಕೇ ಬೇಡವೇ? ದೊಡ್ಡ ಸಂಸ್ಥೆಗಳು 95ನೆಯ ಪರ್ಸೆಂಟೈಲ್ ಎಂಬ ಲೆಕ್ಕ ಹಿಡಿಯುತ್ತವೆ. ಐದು ನಿಮಿಷಕ್ಕೊಂದರಂತೆ 30 ದಿನಕ್ಕೆ 8,640 ಅಂಕಿ. ಅವುಗಳಲ್ಲಿ ಅತಿ ಹೆಚ್ಚಿನ 432ನ್ನು ಬಿಟ್ಟು ಉಳಿದವುಗಳಲ್ಲಿ ದೊಡ್ಡದನ್ನು ಬಳಕೆ ಎಂದು ತಿಳಿಯುವುದು. ವಿಎನ್‌ಸ್ಟ್ಯಾಟ್‌ನ ಇತ್ತೀಚಿನ ಆವೃತ್ತಿಗಳು ಇದನ್ನೂ ಲೆಕ್ಕ ಹಾಕಿಕೊಡುತ್ತವೆ, ಐದು ನಿಮಿಷದ ಅಂಕಿಗಳು ತಿಂಗಳಿಡೀ ಉಳಿಯುವಂತೆ ಇಟ್ಟಿರಬೇಕು ಅಷ್ಟೇ. ಹಗಲೂ ರಾತ್ರಿ ದುಡಿಯುವ ಡೇಟಾ ಸೆಂಟರಿಗೆ ಈ ಪದ್ಧತಿ ಸರಿ, ನಮ್ಮ ಕಚೇರಿಗಳಿಗೆ ಮೋಸ. ಬಿಟ್ಟ 432 ಅಂಕಿ ಎಂದರೆ 36 ಗಂಟೆ. ತಿಂಗಳಿಗೆ 24 ದಿನ, ದಿನಕ್ಕೆ ಏಳು ಗಂಟೆ ನಡೆಯುವ ಕಚೇರಿಯ ಒಟ್ಟು ಹೊತ್ತೇ 168 ಗಂಟೆ. ಅದರ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಅದೂ ರೈತರು ಸಾಲಿನಲ್ಲಿ ನಿಂತ ಹೊತ್ತೇ, ಲೆಕ್ಕದಿಂದ ಜಾರಿಹೋಗುತ್ತದೆ. ನಮ್ಮ ಕಡೆ ಕಚೇರಿ ನಡೆಯುವ ಗಂಟೆಗಳನ್ನು ಮಾತ್ರ ಆರಿಸಿ, ಅವುಗಳೊಳಗೆ ಲೈನು ಎಷ್ಟು ಹೊತ್ತು ಶೇಕಡಾ 80ರ ಮೇಲಿತ್ತು ಎಂದು ನೋಡುವುದು ನ್ಯಾಯ. ಆ ಗಂಟೆಗಳಲ್ಲೂ ಅರ್ಧ ದಾಟದ ಲೈನಿಗೆ ಹೆಚ್ಚಿನ ಪ್ಲಾನು ಕೊಳ್ಳುವುದು ಸಂಘದ ದುಡ್ಡನ್ನು ಸುಮ್ಮನೆ ಕಳೆದಂತೆ. ಹಂಗಾಮಿನಲ್ಲಿ ಮಾತ್ರ ಮಿತಿಗೆ ತಾಗುವ ಲೈನಾದರೆ ಬ್ಯಾಕಪ್ಪು, ಅಪ್‌ಡೇಟು, ಕ್ಯಾಮೆರಾಗಳ ಅಪ್‌ಲೋಡನ್ನು ಆ ವಾರಗಳಲ್ಲಿ ರಾತ್ರಿಗೆ ತಳ್ಳಿ ನೋಡಬೇಕು, ಆಮೇಲೂ ಸಾಲದಿದ್ದರೆ ಧೈರ್ಯವಾಗಿ ಹೆಚ್ಚಿಸಬೇಕು.

ಹುಲಕೋಟಿಯ ಮಟ್ಟಿಗೆ ಇದೆಲ್ಲ ಕೈಗೆಟುಕದ ಕೆಲಸವಲ್ಲ. ಅದೇ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಗದಗಿನಲ್ಲಿ ಇನ್ನೊಂದಿದೆ, ಲಕ್ಷ್ಮೇಶ್ವರದಲ್ಲಿ ಮತ್ತೊಂದಿದೆ. ಕೊನೆಯ ವರ್ಷದ ಹುಡುಗ ಹುಡುಗಿಯರು ಪ್ರಾಜೆಕ್ಟಿಗಾಗಿ ಯಾವುದೋ ದೂರದ ಊರಿನ ಕಾಲ್ಪನಿಕ ಸಮಸ್ಯೆ ಹುಡುಕುವ ಬದಲು, ಒಂದು ಸಂಘವನ್ನೋ ಒಂದು ಪಂಚಾಯಿತಿಯನ್ನೋ ಹಿಡಿದು, ಅಲ್ಲಿಯವರ ಒಪ್ಪಿಗೆ ಪಡೆದು ವರ್ಷವಿಡೀ ಲೈನಿನ ಲೆಕ್ಕ ಇಡಬಹುದು. ವಿಎನ್‌ಸ್ಟ್ಯಾಟ್ ಹಾಕಲು ಅರ್ಧ ಗಂಟೆ ಸಾಕು. ರೌಟರಿನಿಂದ ಎಸ್‌ಎನ್‌ಎಂಪಿ ಓದಿಸಲು ಒಂದು ದಿನ. ತಿಂಗಳ ಕೊನೆಗೆ ಗಂಟೆವಾರು ಬಳಕೆಯ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿ ಕಾರ್ಯದರ್ಶಿಯ ಮೇಜಿಗೆ ಕೊಟ್ಟರೆ, ಆಡಳಿತ ಮಂಡಳಿಯ ಸಭೆಯಲ್ಲಿ ಜಮಾ ಖರ್ಚಿನ ಜೊತೆಗೆ ಅದನ್ನೂ ಓದಬಹುದು. ಲೈನಿನ ಬಿಲ್ಲಿಗೆ ಸಹಿ ಹಾಕುವವರು ಅವರೇ ಆದ್ದರಿಂದ ಆ ಪುಟ ಮೊದಲು ಸೇರಬೇಕಾದದ್ದು ಅವರ ಕೈಗೆ.